ಹಸಿರಾಗದ ಎರಡು ಬೆರಳಷ್ಟು ಕರುಳು

ಗದ್ವಾಲ ಜಿಲ್ಲೆಯಾದ ಮೇಲೆ ನಮ್ಮ ಆಸ್ಪತ್ರೆಗೊಂದು ಹೊಸ ಕ್ಯಾಮೆರಾ ಬಂದಿತ್ತು. ಮಕ್ತಲ್ ಕಡೆಯ ಕುರಿಗಾರ ಬೀರಪ್ಪನ ಕರುಳಿನ ಗಡ್ಡೆ ತೆಗೆದು, ಉಳಿದ ತುದಿಗಳನ್ನು ಸೇರಿಸಲು ಸೂಜಿ ಹಿಡಿದಿದ್ದೆ. ಎರಡೂ ಚೆನ್ನಾಗಿಯೇ ಕಂಡವು. ಆದರೂ ರಕ್ತಕ್ಕೆ ಬಣ್ಣದ ಔಷಧಿ ಕೊಟ್ಟು ಕ್ಯಾಮೆರಾದಲ್ಲಿ ನೋಡಿದೆ. ರಕ್ತ ಹರಿಯುವ ಕರುಳೆಲ್ಲ ಹಸಿರಾಗಿ ಹೊಳೆಯಿತು. ಒಂದು ತುದಿ ಎರಡು ಬೆರಳಷ್ಟು ಕಪ್ಪಾಗಿಯೇ ಉಳಿಯಿತು. ಅಲ್ಲೇ ಹೊಲಿದಿದ್ದರೆ ಹೊಲಿಗೆ ಬಿಟ್ಟು ಜೀವಕ್ಕೇ ಕುತ್ತಾಗುತ್ತಿತ್ತು. ಅಷ್ಟನ್ನು ಕತ್ತರಿಸಿ ಹೊಲಿದೆ.

ಹೊರಗೆ ಬಂದು ಅವನ ಹೆಂಡತಿ ಮಾಳವ್ವನಿಗೆ ಎಲ್ಲ ಹೇಳಿದೆ.

"ಅಂದ್ರ ನಿಮ್ಮ ಕಣ್ಣಿಗೆ ಕಾಣಲಿಲ್ಲೇನ್ರೀ?"

"ಇಲ್ಲಮ್ಮ."

"ಹಂಗಾದ್ರ ಆ ಕ್ಯಾಮೆರಾ ಜೋಪಾನ ಇಟ್ಕೊಳ್ರೀ."

ನಾಲ್ಕನೇ ದಿನ ಅವಳು ಸೆರಗು ಬಾಯಿಗೆ ಹಿಡಿದು, "ಅವ್ರಿಗೆ ಗಾಳಿ ಹೋತ್ರೀ, ಸಾರ್," ಎಂದಳು. ಕರುಳು ಮತ್ತೆ ಕೆಲಸ ಹಿಡಿದಿತ್ತು! ಆ ಸುದ್ದಿಗೆ ಅಷ್ಟು ಹಿಗ್ಗಿದ ಗಂಡಸನ್ನು ಅವಳು ಅದೇ ಮೊದಲು ನೋಡಿರಬೇಕು.