ಅಪ್ಪನ ಮೇಲ್‌ಗಳ ಪಾಲು

ಮನೆ ಪಾಲಾಗುವ ದಿನ ಏನೇನು ಹಂಚಿಕೊಳ್ಳುತ್ತಾರೆ ಎಂಬುದು ನನಗೆ ಗೊತ್ತಿತ್ತು. ಹೊಲ, ಗೋದಾಮು, ತೂಕದ ಯಂತ್ರ, ಹಿತ್ತಾಳೆ ಹಂಡೆ, ಅತ್ತೆಯ ಸಂದೂಕ. ಆದರೆ ಶಿಗ್ಗಾಂವದ ಆ ಕಾಳಿನ ಅಂಗಡಿಯ ಪಡಸಾಲೆಯಲ್ಲಿ ಕೂತು, ಅಪ್ಪ ನನಗೆ ಬರೆದ ಮೇಲ್‌ಗಳನ್ನೂ ಅಂಗಡಿಯ ಸಾಮಾನಿಗೆ ಸೇರಿಸುತ್ತಾರೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಈಗ ಬರೆಯುವಾಗಲೂ ಮೈ ಉರಿಯುತ್ತದೆ.

ಆ ಮೇಲ್ ಖಾತೆ ತೆರೆದದ್ದು ನಾನು. ಮದುವೆಯಾಗಿ ಬಂದ ಹೊಸದರಲ್ಲಿ ಆ ಮನೆಯಲ್ಲಿ ಕಂಪ್ಯೂಟರ್ ಬಲ್ಲವಳು ನಾನೊಬ್ಬಳೇ, ಹಾನಗಲ್ಲಿನಲ್ಲಿ ಬಿ.ಕಾಂ. ಮುಗಿಸಿದವಳು. ಅಂಗಡಿಯ ಹೆಸರಿನಲ್ಲೇ ಖಾತೆ ಮಾಡಿದೆ. ತೆರಿಗೆಯ ಕಾಗದ, ವ್ಯಾಪಾರಿಗಳ ದರಪಟ್ಟಿ, ಗಂಡನ ಅಣ್ಣನಾದ ಭಾವನ ಮಕ್ಕಳ ಕಾಲೇಜಿನ ಅರ್ಜಿ, ಎಲ್ಲವೂ ಅದರೊಳಗೇ. ಪಾಸ್‌ವರ್ಡ್ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿತ್ತು. ಬೇಕಾದವರು ಬಂದು ತೆರೆಯುತ್ತಿದ್ದರು, ಓದುತ್ತಿದ್ದರು. ಸೊಸೆಯಂದಿರಿಗೆ ಬೇರೆ ಫೋನ್ ಯಾಕೆ ಎನ್ನುವ ಮನೆ ಅದು. ನನ್ನ ಕೈಗೆ ನನ್ನದೇ ಫೋನ್ ಬಂದದ್ದು ಎಷ್ಟೋ ವರ್ಷಗಳ ಮೇಲೆ.

ಅಪ್ಪ ಹಾನಗಲ್ಲಿನಲ್ಲಿ ಕನ್ನಡ ಶಾಲೆಯ ಮಾಸ್ತರ. ನಿವೃತ್ತನಾದ ಮೇಲೆ ಗಂಟಲಿನ ಆಪರೇಷನ್ ಆಗಿ ದನಿ ಪೂರ್ತಿ ಹೋಯಿತು. ಅಂಗಡಿಗೆ ಫೋನ್ ಮಾಡಿಯಾದರೂ ಏನು ಮಾತಾಡುತ್ತಾನೆ? ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಕಲಿತ. ನಾನು ದಿನವೂ ಅಂಗಡಿಯ ಕಂಪ್ಯೂಟರಿನ ಮುಂದೆ ಕೂರುತ್ತೇನೆಂದು ಗೊತ್ತಿದ್ದರಿಂದ ಆ ವಿಳಾಸಕ್ಕೇ ಬರೆದ, ಸಾಯುವವರೆಗೂ ಬರೆದ. ಅವನ ದನಿಯ ರೆಕಾರ್ಡು ನಮ್ಮಲ್ಲಿ ಒಂದೂ ಇಲ್ಲ. ಉಳಿದದ್ದು ಆ ಮೇಲ್‌ಗಳು ಮಾತ್ರ.

ಪಾಲಿನಲ್ಲಿ ಅಂಗಡಿ ಭಾವನಿಗೆ ಹೋಯಿತು, ಹಿರೇಕೆರೂರಿನ ಗೋದಾಮು ನಮಗೆ ಬಂತು. ಹಿರಿಯರಾಗಿ ಸವಣೂರಿನಿಂದ ನನ್ನ ಗಂಡನ ಸೋದರಮಾವ ಬಂದಿದ್ದರು. ಎಲ್ಲ ಮುಗಿಯಿತು ಎನ್ನುವಾಗ ಭಾವ, ನಾಳೆಯಿಂದ ಮೇಲ್ ಖಾತೆಯ ಪಾಸ್‌ವರ್ಡ್ ಬದಲಾಗುತ್ತದೆ ಎಂದರು. ಅಂಗಡಿ ಯಾರದೋ ಅದರ ಮೇಲ್ ಖಾತೆಯೂ ಅವರದೇ ಎಂದು ಆ ಸೋದರಮಾವ ತಲೆಯಾಡಿಸಿದರು, ತಕ್ಕಡಿಯ ಜೊತೆ ತೂಕದ ಕಲ್ಲು ಹೋಗುವಷ್ಟು ಸಲೀಸಾಗಿ.

ಹಾಗಾದರೆ ಎಲ್ಲ ಮೇಲ್‌ಗಳ ಒಂದು ಪ್ರತಿ ಇಳಿಸಿಕೊಂಡು ಖಾತೆ ಬಿಟ್ಟುಕೊಡುತ್ತೇನೆ ಎಂದೆ. ಹಾಗೆ ಮಾಡಲು ಬರುತ್ತದೆ. ಕೇಳಿದರೆ ಮೇಲ್ ಕಂಪನಿಯವರೇ ಹಳೆಯದು ಹೊಸದು ಎಲ್ಲವನ್ನೂ ಒಂದೇ ಮೂಟೆ ಕಟ್ಟಿ ಕೊಡುತ್ತಾರೆ, ಅದನ್ನು ನಮ್ಮ ಕಂಪ್ಯೂಟರಿಗೆ ಹಾಕಿಕೊಳ್ಳಬಹುದು, ಖಾತೆಯಲ್ಲಿದ್ದದ್ದು ಅಲ್ಲೇ ಇರುತ್ತದೆ. ಯಾರ ಗಂಟೂ ಹೋಗುವುದಿಲ್ಲ. ಆದರೂ ಭಾವನ ಮುಖ ಬಿಗಿಯಿತು. ಅಂಗಡಿಯ ವ್ಯವಹಾರವೆಲ್ಲ ಅದರಲ್ಲಿದೆ, ಹೊರಗೆ ಹೋಗಬಾರದು ಎಂದರು. ಆ ವ್ಯವಹಾರವನ್ನೆಲ್ಲ ಒಂದೊಂದಾಗಿ ಟೈಪ್ ಮಾಡಿ ಕಳಿಸಿದವಳು ನಾನು. ನನ್ನ ಬೆರಳುಗಳನ್ನೂ ಪಾಲಿಗೆ ಹಾಕಬೇಕಿತ್ತು ಇವರು! ಗಂಡನ ಕಡೆ ನೋಡಿದೆ. ಅವರು ಚಾಪೆಯ ಎಳೆ ಕೀಳುತ್ತ ಕೂತಿದ್ದರು.

ಬೇಕಾದ ಮೇಲ್‌ಗಳಿಗಷ್ಟೇ ಒಂದು ಗುರುತು ಹಚ್ಚಿ ಅವನ್ನಷ್ಟೇ ಇಳಿಸಿಕೊಳ್ಳಲೂ ಬರುತ್ತದೆ ಎಂದು ಹೇಳಿ ಕೆಟ್ಟೆ. ಮಾವ ಅದನ್ನೇ ತೀರ್ಮಾನ ಮಾಡಿದರು. ನನ್ನವು ಯಾವುವು, ಅಂಗಡಿಯವು ಯಾವುವು ಎಂದು ಭಾವ ಪಕ್ಕದಲ್ಲಿ ಕೂತು ನೋಡಬೇಕು. ಮಗಳು ತನ್ನ ಅಪ್ಪನ ಮಾತಿಗೆ ಭಾವನ ಅಪ್ಪಣೆ ಕೇಳಬೇಕು. ಇದಕ್ಕೆ ನ್ಯಾಯ ಅಂತ ಹೆಸರು.

ಭಾವ ಕನ್ನಡಕ ಏರಿಸಿಕೊಂಡು ಕೂತರು. ಅಪ್ಪನ ಮೊದಲ ಮೇಲ್ ತೆರೆದೆ. ‘ಬೀಗರಾದ ಸಾಹುಕಾರರಿಗೂ ಅಳಿಯಂದಿರಿಗೂ ಮನೆಯ ಸಮಸ್ತರಿಗೂ ನನ್ನ ನಮಸ್ಕಾರಗಳು. ವ್ಯಾಪಾರ ಚೆನ್ನಾಗಿ ನಡೆದಿದೆ ಎಂದು ಭಾವಿಸುತ್ತೇನೆ. ಗೋವಿನಜೋಳದ ದರ ಏರಿದ್ದು ತಿಳಿದು ಸಂತೋಷವಾಯಿತು.’ ಹೀಗೇ ಹೋಗುತ್ತದೆ. ಕಡೆಯ ಸಾಲಿನಲ್ಲಷ್ಟೇ ನನಗೊಂದು ಮಾತು: ‘ನೀನು ಎಲ್ಲರ ಮನಸ್ಸು ಹಿಡಿದು ನಡೆ.’ ಮುಂದಿನದೂ ಹಾಗೇ, ಅದರ ಮುಂದಿನದೂ ಹಾಗೇ. ಹೆಣ್ಣು ಕೊಟ್ಟವನು ಬೀಗರ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕೈಮುಗಿದು ನಿಲ್ಲುತ್ತಾನಲ್ಲ, ಅಪ್ಪ ಪ್ರತಿ ಮೇಲ್‌ನಲ್ಲೂ ಹಾಗೆ ನಿಂತಿದ್ದ. ಯಾರು ಯಾರು ಓದುತ್ತಾರೆಂದು ಅವನಿಗೆ ಗೊತ್ತಿತ್ತು.

“ಇದು ನಮಗ ಬರದದ್ದಲ್ಲೇನು, ತಂಗಿ?” ಎಂದರು ಭಾವ. ಆ ಮಾತಿನಲ್ಲಿ ಕುಹಕವಿರಲಿಲ್ಲ, ಅದೇ ನನ್ನನ್ನು ಹೆಚ್ಚು ಸುಟ್ಟಿತು. ನಿಜವಾಗಿಯೂ ಹಾಗೆಂದೇ ನಂಬಿದ್ದರು. ನಮಸ್ಕಾರ ತಮಗೆ, ದರದ ಮಾತು ಅಂಗಡಿಯದು, ಆದ್ದರಿಂದ ಆ ಮೇಲ್ ಕೂಡ ಅಂಗಡಿಯದು. ಒಂದೊಂದಕ್ಕೂ ಬೇಡ ಎಂದು ಕೈಯಾಡಿಸುತ್ತ ಬಂದರು. ಕೊನೆಯದು ಅಪ್ಪ ಆಸ್ಪತ್ರೆಯಿಂದ ಬರೆದದ್ದು. ಅದರಲ್ಲಿ ನಮಸ್ಕಾರವಿಲ್ಲ, ಜೋಳವಿಲ್ಲ. ‘ಯವ್ವಾ, ಉಂಡಿ ಏನು?’ ಅಷ್ಟೇ.

“ಇದರಾಗ ಏನೂ ಇಲ್ಲ. ಬೇಕಾದ್ರ ಇದನ್ನ ತಗೋ,” ಎಂದರು.

ಆ ಮನೆಯಲ್ಲಿ ಹಿರಿಯರ ಮುಂದೆ ನಾನು ಯಾವತ್ತೂ ದನಿ ಏರಿಸಿದವಳಲ್ಲ. ಅವತ್ತೂ ಏರಿಸಲಿಲ್ಲ. ಎದ್ದು ಮಾವನ ಕಡೆ ತಿರುಗಿದೆ.

“ಮಾವಾರ, ಅಪ್ಪ ನಿಮ್ಮೆಲ್ಲಾರಿಗೂ ಅಂಜಿ ಬರದಾನ್ರಿ. ಮಗಳಿಗೆ ಯಾರರ ಏನರ ಅಂದಾರು ಅಂತ ಅಂಜಿ ಬರದಾನ. ಆ ಅಂಜಿಕಿನೂ ನಂದ ಐತ್ರಿ. ನಾ ಎಲ್ಲಾ ಒಯ್ಯಾಕಿ.”

ಮಾವ ಎಲೆಗೆ ಸುಣ್ಣ ಹಚ್ಚಿ ಮಡಿಸಿದರು, ಆಮೇಲೆ ಒಯ್ಯಲಿ ಬಿಡು ಎಂದು ಭಾವನಿಗೆ ಹೇಳಿದರು. ನಾನು ಯಾವ ಗುರುತೂ ಹಚ್ಚಲಿಲ್ಲ. ಎಲ್ಲವೂ ಬೇಕು ಎಂದು ಒತ್ತಿದೆ. ತೆರಿಗೆ, ದರಪಟ್ಟಿ, ಸಾಲ ಬೇಕೇ ಎಂದು ಕೇಳುವ ಕಸ, ಎಲ್ಲವೂ. ಮೂಟೆ ಸಿದ್ಧವಾಗಿದೆ ಎಂಬ ಸುದ್ದಿ ಬರಲು ಸಂಜೆಯಾಯಿತು. ಗಂಡನ ಫೋನಿನ ಇಂಟರ್‌ನೆಟ್ ಹಚ್ಚಿ ನನ್ನ ಲ್ಯಾಪ್‌ಟಾಪಿಗೆ ಇಳಿಸುವವರೆಗೂ ಭಾವ ಕದಲದೆ ಕೂತಿದ್ದರು.

ಹಿರೇಕೆರೂರಿಗೆ ಬಂದು ತೆರೆದರೆ ಒಂದೇ ಒಂದು ದೊಡ್ಡ ಫೈಲು, ಒಳಗೆ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು. ಇಷ್ಟು ಜಗಳಾಡಿ ತಂದದ್ದು ಇದನ್ನೇ? ಮೇಲ್ ಓದುವುದಕ್ಕೆಂದೇ ಇರುವ ಪ್ರೋಗ್ರಾಮ್ ಹಾಕಿ ಅದರಲ್ಲಿ ತೆರೆಯಬೇಕು ಎಂದು ತಿಳಿಯುವಷ್ಟರಲ್ಲಿ ಸಾಕುಸಾಕಾಯಿತು. ಹಾಗೆ ಮಾಡಿದ ಮೇಲೆ ಸಾಲುಸಾಲಾಗಿ ಕನ್ನಡ ಬಂತು.

ಗಂಡ ಬಂದು ಬೆನ್ನ ಹಿಂದೆ ನಿಂತರು. ಪಾಲಿನ ದಿನ ಬಾಯಿ ಬಿಡದವರು ಈಗ, ನಿಮ್ಮಪ್ಪನವು ಎಲ್ಲ ಬಂದವೇ ಎಂದು ಮೆಲ್ಲಗೆ ಕೇಳಿದರು. ನಾನು ತಿರುಗಿ ನೋಡಲಿಲ್ಲ.

“ಬಂದಾವ್ರಿ,” ಎಂದೆ. “ನಿಮಗ ನಮಸ್ಕಾರ ಹೇಳ್ಯಾನ.”