ಗೋರೆಗಾಂವ್‌ವರೆಗೆ ಕಾರು

ನಮ್ಮ ಮನೆಯಲ್ಲಿ ಇವರಿಗೆ ಡ್ರೈವಿಂಗ್ ಪರೀಕ್ಷೆ ಇಟ್ಟವಳು ಮಗಳು. ಕಾಂದಿವಲಿಯ ನಮ್ಮ ಬಿಲ್ಡಿಂಗಿನ ಗೇಟಿನ ಕಂಬಕ್ಕೆ ಇವರು ಕಾರನ್ನು ಉಜ್ಜಿಕೊಂಡು ಬಂದ ದಿನವೇ ಅವಳು ಮಾತು ತೆಗೆದಳು. "ಪಪ್ಪಾ, ಇನ್ನು ಗಾಡಿ ಸೇಲ್ ಮಾಡುವಾ ನಾ." ಕಂಬಕ್ಕೆ ಏನೂ ಆಗಿರಲಿಲ್ಲ. ಇವರು ಮಾತ್ರ ಮುಖ ಊದಿಸಿಕೊಂಡು, ವಾರವಿಡೀ ಪಲ್ಯ ಬೇಕು, ಸಾರು ಸಾಕು ಎನ್ನುವುದಕ್ಕೆ ಬಿಟ್ಟರೆ ಬಾಯಿ ಬಿಡಲಿಲ್ಲ.

ಇವರಿಗೆ ಆ ಕಾರೆಂದರೆ ಯಾಕಷ್ಟು ಜೀವ ಎಂದು ನನಗೆ ಗೊತ್ತಿಲ್ಲದ್ದಲ್ಲ. ಉಡುಪಿ ಕಡೆಯಿಂದ ಬಂದು, ಮುಂಬಯಿಯ ಫೋರ್ಟಿನ ಹೋಟೆಲೊಂದರಲ್ಲಿ ಮೊದಲು ಟೇಬಲ್ ನೋಡಿ, ಆಮೇಲೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಮ್ಯಾನೇಜರ್ ಅನ್ನಿಸಿಕೊಂಡವರು. ದಿನಾ ಹೋಗುವಾಗಲೂ ಬರುವಾಗಲೂ ಲೋಕಲ್ ರೈಲಿನ ಬಾಗಿಲ ಹತ್ತಿರ ನಿಂತೇ ಅರ್ಧ ಆಯುಷ್ಯ ಸವೆಸಿದರು. ಕೆಲಸ ಬಿಟ್ಟ ವರ್ಷ ಸೆಕೆಂಡ್‌ಹ್ಯಾಂಡ್ ಕಾರು ತಂದರು. ಇನ್ನು ಎಲ್ಲಿಗೆ ಹೋದರೂ ಕೂತೇ ಹೋಗುವುದು ಎಂದರು.

ಕೊನೆಗೆ ಒಪ್ಪಂದವನ್ನು ಇವರೇ ಮುಂದಿಟ್ಟರು. ಒಂದು ದಿನ ನಾವಿಬ್ಬರೂ ಫೋರ್ಟಿಗೆ ಹೋಗಿ ಬರುವುದು. ಕಾರು ಗೋರೆಗಾಂವ್‌ವರೆಗೆ ಮಾತ್ರ, ಅಲ್ಲಿ ಸ್ಟೇಷನ್ ಹತ್ತಿರದ ಪಾರ್ಕಿಂಗಿನಲ್ಲಿ ಬಿಟ್ಟು ಮುಂದೆ ಲೋಕಲ್.

"ಕಾಂದಿವಲಿಯಲ್ಲಿ ಹತ್ತಿದ್ರೆ ನಿಲ್ಲುದು. ಗೋರೆಗಾಂವಲ್ಲಿ ಹಾರ್ಬರ್ ಲೈನಿನ ಲೋಕಲ್ ಅಲ್ಲಿಂದ್ಲೇ ಹೊರಡ್ತದೆ, ಕೂತುಕೊಂಡು ಹೋಗ್ಲಿಕ್ಕೆ ಆಗ್ತದೆ," ಎಂದರು.

ಮಗಳು ಒಪ್ಪಿದಳು. "ಓಕೆ, ಒಂದು ಟ್ರಯಲ್. ಅಮ್ಮಾ, ಪಪ್ಪಾ ಹೇಗೆ ಚಲಾಯಿಸಿದ್ರು ಅಂತ ನೀನು ಸಚ್ ಸಚ್ ಹೇಳ್ಬೇಕು ಹಾಂ. ಠೀಕ್ ಇಲ್ಲಾಂದ್ರೆ ಸೇಲ್."

ನನ್ನನ್ನೇ ಸಾಕ್ಷಿ ಮಾಡಿದ್ದಕ್ಕೆ ಕಾರಣವಿದೆ. ನಾನು ಕಡ್ಡಿ ಮುರಿದಂತೆ ಮಾತಾಡುವವಳು. ಚಟ್ನಿಗೆ ಉಪ್ಪು ಹೆಚ್ಚಾದರೆ ಬೀಗರ ಮನೆಯಲ್ಲೂ ಹೆಚ್ಚಾಗಿದೆ ಎಂದೇ ಹೇಳಿ ಬಂದವಳು. ಇದು ಗೊತ್ತಿದ್ದರೂ ಇವರು ಬೇರೆ ಸಾಕ್ಷಿ ಬೇಕೆನ್ನಲಿಲ್ಲ.

ಹೊರಟ ದಿನ ಇವರು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದರು. ದಾರಿಯುದ್ದಕ್ಕೂ ನಾನು ಸೀಟಿನ ಅಂಚು ಹಿಡಿದುಕೊಂಡು, ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುತ್ತಲೇ ಇದ್ದೆ. "ಎಂತ ಮಾರಾಯ್ತಿ, ನೆಲ ತೂತು ಮಾಡ್ತೀಯಾ?" ಎಂದರು. ರಿಕ್ಷಾದವರೆಲ್ಲ ಬೈದುಕೊಂಡು ಮುಂದೆ ಹೋದರು. ಇವರು ನಿಧಾನ ಹೋದರೂ ನೇರವಾಗಿ ಹೋದರು. ಮನಸ್ಸಿನಲ್ಲೇ ನಾನು ಪಾಸ್ ಎಂದು ಬರೆದೂ ಆಗಿತ್ತು.

ಇವರು ಡ್ರೈವಿಂಗ್ ಕಲಿತದ್ದು ಊರಿನ ಘಾಟಿಯಲ್ಲಿ, ಧಣಿಗಳ ಜೀಪಿನಲ್ಲಿ. ಘಾಟಿಯಲ್ಲಿ ಕಲಿತವರಿಗೆ ಗಾಡಿ ನಿಲ್ಲಿಸುವುದೆಂದರೆ ಹ್ಯಾಂಡ್‌ಬ್ರೇಕ್ ಎಳೆಯಬೇಕು, ಗೇರಿಗೆ ಹಾಕಬೇಕು, ಮೇಲಿಂದ ಗಾಲಿಗೊಂದು ಕಲ್ಲೂ ಕೊಡಬೇಕು. ಆ ಕಲ್ಲು ಹಳೇ ಟವೆಲಿನಲ್ಲಿ ಸುತ್ತಿಕೊಂಡು ನಮ್ಮ ಡಿಕ್ಕಿಯಲ್ಲೇ ಇರುತ್ತದೆ. ಕೊಡುವ ಕೆಲಸ ನನ್ನದು. ಮುಂಬಯಿಯ ಈ ಸಪಾಟು ನೆಲದಲ್ಲಿ ಕಾರು ಎಲ್ಲಿಗೆ ಓಡಿಹೋದೀತು ಎಂದು ನಾನು ಯಾವತ್ತೂ ಕೇಳಿದವಳಲ್ಲ. ಅವತ್ತೂ ಪಾರ್ಕಿಂಗಿನವನು ಕಿಟಕಿಯ ಹತ್ತಿರ ಬಗ್ಗಿ ಇವರಿಗೆ ಏನೋ ಹೇಳುತ್ತಿದ್ದಾಗ ನಾನು ಹಿಂದೆ ಹೋಗಿ, ಕಲ್ಲು ತೆಗೆದು, ಗಾಲಿಯ ಅಡಿಗೆ ನೀಟಾಗಿ ಇಟ್ಟೆ.

ಲೋಕಲ್ಲಿನಲ್ಲಿ ನಿಜಕ್ಕೂ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಇಬ್ಬರೂ ಒಟ್ಟಿಗೆ ಕೂತಾಗಲೇ ನನಗೆ ಹೊಳೆದದ್ದು: ಮದುವೆಯಾದಂದಿನಿಂದ ನಾವು ಒಂದೇ ಗಾಡಿಯಲ್ಲಿ ಹೋದದ್ದೆಷ್ಟೋ ಸಲ, ಆದರೆ ನಾನು ಲೇಡೀಸ್ ಡಬ್ಬಾ, ಇವರು ಜನರಲ್. ಹತ್ತುವಾಗ ಅಗಲಿ, ಇಳಿದ ಮೇಲೆ ಪ್ಲಾಟ್‌ಫಾರ್ಮಿನಲ್ಲಿ ಒಬ್ಬರನ್ನೊಬ್ಬರು ಹುಡುಕುವುದೇ ನಮ್ಮ ಪ್ರವಾಸ. ಅವತ್ತು ಇವರು ವಡಾಲದ ಹತ್ತಿರ ನನ್ನ ಭುಜಕ್ಕೆ ತಲೆಯಿಟ್ಟು ತೂಕಡಿಸಿದರು. ಎದುರಿನ ಹೆಂಗಸು ನಕ್ಕಳು. ನನಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಫೋರ್ಟಿನಲ್ಲಿ ಇವರ ನಡಿಗೆಯೇ ಬೇರೆ. ಯಾವ ಹೊತ್ತಿಗೆ ಯಾವ ಬದಿಯ ಫುಟ್‌ಪಾತಿನಲ್ಲಿ ನೆರಳು ಎಂದು ಕಾಲಿಗೇ ಗೊತ್ತಿತ್ತು. ಇವರು ಕೆಲಸ ಮಾಡಿದ ಹೋಟೆಲಿನಲ್ಲಿ ಈಗ ಎಲ್ಲ ಹೊಸಬರು. ಇವರು ಯಾರೆಂದು ಯಾರಿಗೂ ಗೊತ್ತಾಗಲಿಲ್ಲ, ಇವರೂ ಹೇಳಿಕೊಳ್ಳಲಿಲ್ಲ. ಗಿರಾಕಿಗಳ ಹಾಗೆ ಕೂತು ಊಟ ತರಿಸಿದೆವು. ಸಾರು ಬಾಯಿಗಿಟ್ಟು, "ತೊಗರಿ ಬೆಂದಿಲ್ಲ," ಎಂದು ನನ್ನ ಕಿವಿಯಲ್ಲಿ ಹೇಳಿದರು. ಅಷ್ಟರಲ್ಲಿ ಎಲ್ಲೋ ಒಂದು ಲೋಟ ಬಿದ್ದ ಸದ್ದಾಯಿತು. ಇವರು ಅರ್ಧ ಎದ್ದೇಬಿಟ್ಟಿದ್ದರು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಹೋಟೆಲಿನ ಗುಣವೂ ಅಷ್ಟೇ. ನಾನು ಶರ್ಟು ಹಿಡಿದು ಕೂರಿಸಿದೆ.

ಬಿಸಿಲು ಇಳಿಯುವ ಮೊದಲೇ ಗೋರೆಗಾಂವಿಗೆ ವಾಪಸಾದೆವು. ದೂರದಿಂದಲೇ ನಮ್ಮ ಕಾರಿನ ಸುತ್ತ ಜನ ಕಂಡರು. ಮೂರು ನಾಲ್ಕು ಮಂದಿ ಬೆವರು ಸುರಿಸಿಕೊಂಡು ಅದನ್ನು ತಳ್ಳುತ್ತಿದ್ದರು. ಅದು ಹಠ ಹಿಡಿದ ಎಮ್ಮೆಯ ಹಾಗೆ ನಿಂತಿತ್ತು. ಪಾರ್ಕಿಂಗಿನವನ ಕೈಯಲ್ಲಿ ನಮ್ಮ ಕಲ್ಲಿತ್ತು.

"ಯೇ ಕ್ಯಾ ಹೈ, ಆಂಟಿ?" ಎಂದು ಅದನ್ನು ನನಗೇ ತೋರಿಸಿದ.

ಆಗ ಅರ್ಥವಾಯಿತು. ಅಲ್ಲಿ ಜಾಗ ಕಡಿಮೆ, ಕಾರುಗಳನ್ನು ಒಂದರ ಹಿಂದೆ ಒಂದು ಎರಡು ಸಾಲಿನಲ್ಲಿ ನಿಲ್ಲಿಸುತ್ತಾರೆ. ಒಳಗಿನ ಗಾಡಿ ಹೊರಡುವಾಗ ಹೊರಗಿನದನ್ನು ಕೈಯಲ್ಲೇ ತಳ್ಳಿ ದಾರಿ ಮಾಡುವುದು ಅಲ್ಲಿನ ರೂಢಿ. ಅದಕ್ಕೇ ಎಲ್ಲರೂ ಹ್ಯಾಂಡ್‌ಬ್ರೇಕ್ ಹಾಕದೆ ನ್ಯೂಟ್ರಲ್‌ನಲ್ಲಿ ಬಿಟ್ಟು ಹೋಗಬೇಕು. ನಾವು ಘಾಟಿಯವರು ಕಾರನ್ನು ಬೇರು ಬಿಡುವ ಹಾಗೆ ನೆಟ್ಟು ಹೋಗಿದ್ದೆವು. ಅದರ ಹಿಂದೆ ಸಿಕ್ಕಿಬಿದ್ದವನೊಬ್ಬ ಬಹಳ ಹೊತ್ತಿನಿಂದ ಕಾಯುತ್ತಿದ್ದ. ಏರ್‌ಪೋರ್ಟಿನಲ್ಲಿ ಅವನ ಮಾವ ಬ್ಯಾಗು ಹಿಡಿದು ನಿಂತಿದ್ದರಂತೆ.

"ಅಂಕಲ್, ಗಾಡಿ ಛೋಡೋ, ಅಬ್ ಘರ್ ಬೈಠೋ," ಎಂದ ಅವನು, ಎಲ್ಲರ ಎದುರು. ಇವರು ಗಾಡಿ ಬಿಟ್ಟು ಇನ್ನು ಮನೆಯಲ್ಲಿ ಕೂರಬೇಕಂತೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಕಲ್ಲಿಟ್ಟವಳು ನಾನು, ಬೈಯುವುದಿದ್ದರೆ ನನಗೆ ಬೈ, ಹಿರಿಯರ ಹತ್ತಿರ ಮಾತಾಡುವ ರೀತಿಯೇ ಇದು ಎಂದು ಗೊತ್ತಿರುವ ಹಿಂದಿ, ಗೊತ್ತಿಲ್ಲದ ಮರಾಠಿ ಎರಡರಲ್ಲೂ ಶುರುಮಾಡಿದೆ. ಇವರು ನನ್ನ ಕೈ ಮೆಲ್ಲಗೆ ಒತ್ತಿ, ಹೋಟೆಲಿನಲ್ಲಿ ಬೈಯುವ ಗಿರಾಕಿಗೆ ಕೈ ಮುಗಿಯುತ್ತಿದ್ದ ಹಾಗೆಯೇ ಅವನಿಗೆ ಕೈ ಮುಗಿದರು. ಕಾರು ತೆಗೆದು ದಾರಿ ಬಿಟ್ಟರು. ಮನೆಯವರೆಗೂ ಅದೇ ನಿಧಾನ, ಅದೇ ನೇರ. ಕಾರನ್ನು ಗೇಟಿನೊಳಗೆ ಒಂದು ಗೀರೂ ಆಗದಂತೆ ತಂದರು.

ಲಿಫ್ಟಿನಲ್ಲಿ ಮೇಲೆ ಹೋಗುವಷ್ಟರಲ್ಲಿ ನಾನು ಮನಸ್ಸಿನಲ್ಲೇ ತಯಾರಾಗಿದ್ದೆ. ಬಾಗಿಲು ತೆರೆದ ಮಗಳು ಚಪ್ಪಲಿ ಬಿಡಲೂ ಬಿಡಲಿಲ್ಲ. "ಅಮ್ಮಾ, ಬೋಲೋ. ಪಪ್ಪಾ ಹೇಗೆ ಚಲಾಯಿಸಿದ್ರು?"

"ಬೆಣ್ಣೆಯ ಹಾಗೆ," ಎಂದೆ. "ಎಂತದೂ ತೊಂದರೆ ಆಗ್ಲಿಲ್ಲ."

ಇವರು ಗೋಡೆ ಹಿಡಿದು ಚಪ್ಪಲಿ ಬಿಡುತ್ತಿದ್ದರು. ತಲೆ ಎತ್ತದೆಯೇ, "ಇಲ್ಲ ಮಗಾ," ಎಂದರು. "ಪಾರ್ಕಿಂಗಿನವ ನ್ಯೂಟ್ರಲ್ ಅಂತ ಎರಡು ಸರ್ತಿ ಹೇಳಿದ. ಕಿವಿಗೆ ಬಿತ್ತು, ಕೈಗೆ ಬೀಳ್ಲಿಲ್ಲ. ಕೈ ಅದರಷ್ಟಕ್ಕೆ ಹಳೇದನ್ನೇ ಮಾಡಿತು. ಇವತ್ತು ನಿಂತ ಗಾಡಿಯಲ್ಲಿ ಆಯ್ತು. ನಾಳೆ ಓಡುವ ಗಾಡಿಯಲ್ಲಿ ಆದ್ರೆ, ಎದುರು ಯಾರಾದ್ರೂ ಬಂದ್ರೆ? ಬೇಡ. ಮಾರುವ."

ಕೀಲಿಯನ್ನು ಅವಳ ಕೈಗೆ ಕೊಟ್ಟು ಕಾಲು ತೊಳೆಯಲು ಹೋದರು. ಗೆದ್ದವಳು ಅವಳೇ, ಆದರೂ ಕಣ್ಣು ತುಂಬಿಕೊಂಡು ನಿಂತಳು.

ನನಗೆ ಇವರ ಮೇಲೆ ಸಿಟ್ಟೇ ಬಂತು. ಸುಳ್ಳು ಹೇಳಿ ಗೊತ್ತಿಲ್ಲದವಳು ಇವರಿಗೋಸ್ಕರ ಒಂದು ಹೇಳಿದರೆ ಅದು ನಿಲ್ಲಲೂ ಬಿಡಲಿಲ್ಲ. ಬಚ್ಚಲಿನಲ್ಲಿ ನೀರಿನ ಸದ್ದು ಕೇಳುತ್ತಿತ್ತು. ಈ ಮನುಷ್ಯನನ್ನು ಕಟ್ಟಿಕೊಂಡದ್ದಕ್ಕೆ ನನಗೆ ಅವತ್ತಿನಷ್ಟು ಹೆಮ್ಮೆ ಹಿಂದೆ ಯಾವತ್ತೂ ಆಗಿರಲಿಲ್ಲ.

"ಅಮ್ಮಾ, ನೀನು ಝೂಟ್ ಹೇಳಿದ್ಯಾ?" ಎಂದಳು ಮಗಳು, ನಂಬಲಾಗದೆ.

"ಹೇಳಿದೆ," ಎಂದೆ. "ಇನ್ನೊಮ್ಮೆ ಕೇಳಿದ್ರೂ ಅದನ್ನೇ ಹೇಳ್ತೇನೆ."