ಗಂಡನಿಗೆ ಬುದ್ಧಿ ಹೇಳಲು ಹೊರಟ ಗಂಡ

“ಇಷ್ಟ್ ಛಲೋ ನೋಡ್ಕೋತೀರಿ, ನಿಮ್ಮ ಯಜಮಾನ್ರು ಏನ್ ಮಾಡ್ತಾರ್ರಿ?” ರೊಟ್ಟಿ ಮುರಿದು ತಿನ್ನಿಸುತ್ತಿದ್ದ ನನ್ನನ್ನು ಹೀಗೆ ಕೇಳಿದವರು ನನ್ನ ಗಂಡನೇ. ಬ್ಯಾಡಗಿ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ಅವರಿಗೆ ನನ್ನ ಗುರುತು ಹತ್ತುತ್ತಿರಲಿಲ್ಲ. ಯಾರೋ ನರ್ಸ್ ಎಂದುಕೊಂಡಿದ್ದರು.

“ಮೆಣಸಿನಕಾಯಿ ವ್ಯಾಪಾರ್ರಿ. ಸ್ವಲ್ಪ ಸಿಟ್ಟು ಜಾಸ್ತಿ,” ಎಂದೆ.

“ನಿಮ್ಮಂಥವರ ಮ್ಯಾಲ ಸಿಟ್ಟ ಮಾಡ್ತಾರೇನ್ರಿ? ಕರ್ಕೊಂಡ ಬರ್ರಿ, ನಾ ಬುದ್ಧಿ ಹೇಳ್ತೇನಿ.”

ಇಪ್ಪತ್ತು ವರ್ಷಗಳ ಸಂಸಾರದಲ್ಲಿ ಅವರು ನನ್ನ ಪರವಾಗಿ ಆಡಿದ ಮೊದಲ ಮಾತು ಅದು. ಸೆರಗನ್ನು ಬಾಯಿಗೊತ್ತಿಕೊಂಡು ಹೊರಗೆ ಬಂದೆ.

ಆರು ತಿಂಗಳು ಚಿಕಿತ್ಸೆಗೆಂದು ರಾಣೆಬೆನ್ನೂರಿಗೆ ಓಡಾಡಿದ ಮೇಲೆ, ಮೊನ್ನೆ ಟವೆಲ್ ಎಲ್ಲಿಟ್ಟೆ ಎಂದು ನನ್ನ ಹೆಸರು ಹಿಡಿದು ಗದರಿದರು. ಖುಷಿಯಿಂದ ಓಣಿಗೆಲ್ಲ ಪೇಢೆ ಹಂಚಿದೆವು. ಆದರೂ ಆ ಮರ್ಯಾದಸ್ಥ ಅಪರಿಚಿತ ಆಗಾಗ ನೆನಪಾಗುತ್ತಾನೆ.